ಊರ ಅಂಚೆಕಚೇರಿ ಖಾಲಿಯಾದ ಬಗೆ

ಕನ್ನಡ ನಾಡಿನ ಹಳ್ಳಿಗಳ ಪಾಲಿಗೆ ಇಡೀ ಅಂಚೆ ಇಲಾಖೆಯೇ ಬಾಗಿಲು ಹಾಕಿಕೊಂಡದ್ದು ಎರಡು ಸಲ. 1889ರಲ್ಲಿ ಮೈಸೂರು ಸಂಸ್ಥಾನ ಸುಮಾರು ಇನ್ನೂರು ವರ್ಷ ಹಳೆಯದಾಗಿದ್ದ ತನ್ನ ಅಂಚೆಯನ್ನು ಬ್ರಿಟಿಷ್ ಇಂಡಿಯಾದ ಅಂಚೆಗೆ ಒಪ್ಪಿಸಿಬಿಟ್ಟಿತು. 1950ರಲ್ಲಿ ನಿಜಾಮರ ಹೈದರಾಬಾದಿನ ಅಂಚೆ ಭಾರತೀಯ ಅಂಚೆಯೊಳಗೆ ಸೇರಿತು. ಬೀದರ, ಕಲಬುರಗಿ, ರಾಯಚೂರಿನ ಹಳ್ಳಿಗಳಿಗೆ ಅಲ್ಲಿಯ ತನಕ ಟಪಾಲು ಬರುತ್ತಿದ್ದದ್ದು ನಿಜಾಮರ ಚೀಟಿ ಅಂಟಿಸಿಕೊಂಡೇ. ಎರಡು ಸಲವೂ ಒಂದು ಇಲಾಖೆ ಕೈಬಿಟ್ಟದ್ದನ್ನು ಇನ್ನೊಂದು ಎತ್ತಿಕೊಂಡಿತು. ಜನ ಹೆಚ್ಚೇನೂ ತಲೆ ಕೆಡಿಸಿಕೊಳ್ಳಲಿಲ್ಲ.

ಈಗಿನ ಕತೆ ಬೇರೆ. ಬಾಗಿಲು ತೆರೆದಿದೆ, ಕೆಂಪು ಬೋರ್ಡು ನೇತಾಡುತ್ತಿದೆ, ಒಳಗೊಬ್ಬರು ಕೂತೂ ಇದ್ದಾರೆ. ಸರ್ಕಾರದ ಲೆಕ್ಕದಲ್ಲಿ ದೇಶದ ಅಂಚೆಕಚೇರಿಗಳ ಸಂಖ್ಯೆ ಕಡಿಮೆಯಾಗಿಲ್ಲ, ಹೆಚ್ಚಿದೆ: 1947ರಲ್ಲಿ 23,344 ಇದ್ದದ್ದು ಇಂದು 1 ಲಕ್ಷ 64 ಸಾವಿರ ದಾಟಿದೆ. ಹತ್ತರಲ್ಲಿ ಒಂಬತ್ತು ಹಳ್ಳಿಗಳಲ್ಲೇ ಇವೆ. ಕರ್ನಾಟಕವೊಂದರಲ್ಲೇ ಒಂಬತ್ತೂವರೆ ಸಾವಿರಕ್ಕೂ ಮೀರಿವೆ. ಆದರೆ ಆ ಕೋಣೆಯೊಳಗೆ ನಡೆಯುತ್ತಿದ್ದ ಕೆಲಸಗಳನ್ನು ಒಂದೊಂದಾಗಿ ಹೊರಗೆ ಸಾಗಿಸಿದ್ದಾಗಿದೆ. ಹಳ್ಳಿಯ ಅಂಚೆಕಚೇರಿ ನಮ್ಮಲ್ಲಿ ಮುಚ್ಚುವುದು ಆದೇಶದಿಂದಲ್ಲ, ಖಾಲಿಯಾಗುವುದರಿಂದ. ಆದೇಶ ಬಂದಿದ್ದರೆ ಜನ ತಾಲ್ಲೂಕು ಕಚೇರಿಯ ಮುಂದೆ ಧರಣಿಯಾದರೂ ಕೂರುತ್ತಿದ್ದರು.

ಮೈಸೂರಿನ ಅಂಚೆ ಶುರುವಾದದ್ದು ಪ್ರಜೆಗಳ ಕ್ಷೇಮಸಮಾಚಾರಕ್ಕಲ್ಲ. 17ನೇ ಶತಮಾನದ ಕೊನೆಯ ಭಾಗದಲ್ಲಿ ಚಿಕ್ಕದೇವರಾಜ ಒಡೆಯರು ಅದನ್ನು ಕಟ್ಟಿದಾಗ ಅಂಚೆಯ ಅಧಿಕಾರಿಗಳು ಆಸ್ಥಾನದ ನಂಬಿಕಸ್ಥ ಸುದ್ದಿಗಾರರಾಗಿದ್ದರು, ಕೆಳಗಿನವರು ಗೂಢಚಾರರಾಗಿದ್ದರು ಎಂದು ಮೈಸೂರಿನ ಇತಿಹಾಸ ಬರೆದ ಕರ್ನಲ್ ವಿಲ್ಕ್ಸ್ ದಾಖಲಿಸುತ್ತಾನೆ. ಯಾವ ಸೀಮೆಯಲ್ಲಿ ಯಾರು ಏನು ಮಾತಾಡಿಕೊಂಡರು ಎಂಬುದು ಓಲೆಗಿಂತ ಮೊದಲೇ ಅರಮನೆ ಮುಟ್ಟುತ್ತಿತ್ತು. ಹೈದರಾಲಿ ಈ ಏರ್ಪಾಟನ್ನು ಇನ್ನಷ್ಟು ಬಿಗಿ ಮಾಡಿದ. ಮುಂದೆ ಇದೇ ಅಂಚೆ ಜನಸಾಮಾನ್ಯರ ಕಾಗದವನ್ನೂ ಹೊತ್ತಿತು. ಆದರೂ ನೆರೆಯ ಹೈದರಾಬಾದಿನಂತೆ ಮೈಸೂರು ತನ್ನದೇ ಅಂಚೆಚೀಟಿ ಹೊರಡಿಸುವ ಗೋಜಿಗೆ ಹೋಗಲಿಲ್ಲ.

ಬ್ರಿಟಿಷರ ಅಂಚೆ ಹಳ್ಳಿಗೆ ಬಂದದ್ದು ಬಹಳ ಅಗ್ಗದ ದಾರಿಯಲ್ಲಿ. ಕಟ್ಟಡ ಕಟ್ಟಲಿಲ್ಲ, ಪೂರ್ತಿ ಸಂಬಳದ ನೌಕರರನ್ನೂ ಇಡಲಿಲ್ಲ. ಊರಿನ ಶಾಲೆ ಮೇಷ್ಟರನ್ನೋ, ಕಿರಾಣಿ ಅಂಗಡಿಯವರನ್ನೋ, ನಿವೃತ್ತ ನೌಕರರನ್ನೋ ಹಿಡಿದು, ದಿನಕ್ಕೆ ಕೆಲವು ಗಂಟೆ ಈ ಕೆಲಸವನ್ನೂ ನೋಡಿಕೊಳ್ಳಿ ಎಂದು ಸಣ್ಣ ಭತ್ಯೆ ಕೊಟ್ಟರು. ಇಲಾಖೆಯ ಒಳಗೂ ಅಲ್ಲ, ಪೂರ್ತಿ ಹೊರಗೂ ಅಲ್ಲ ಎಂಬಂಥ ಇವರಿಗೆ ‘ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್’ ಎಂಬ ಹೆಸರು ಬಿತ್ತು. ಬಾಯಿಮಾತಿನಲ್ಲಿ ಅದು ‘ಇ.ಡಿ.’ ಆಯಿತು. ಬ್ರಾಂಚ್ ಪೋಸ್ಟ್‌ಮಾಸ್ತರರಾಗುವವರಿಗೆ ಬದುಕಿಗೆ ಬೇರೆ ಆದಾಯವಿರಬೇಕು, ಕಚೇರಿಗೆ ಜಾಗವನ್ನೂ ಅವರೇ ಒದಗಿಸಬೇಕು ಎಂಬುದು ಷರತ್ತು. ಹೀಗಾಗಿ ಕರ್ನಾಟಕದ ಸಾವಿರಾರು ಊರುಗಳಲ್ಲಿ ಅಂಚೆಕಚೇರಿ ಎಂದರೆ ಯಾರದೋ ಮನೆಯ ಜಗಲಿ, ಯಾರದೋ ಅಂಗಡಿಯ ಒಂದು ಮೂಲೆ. ಅಜ್ಜ ಮಾಸ್ತರಾದ ಜಾಗದಲ್ಲಿ ಮಗ, ಆಮೇಲೆ ಸೊಸೆ ಕೂತ ಮನೆಗಳೂ ಇದ್ದವು. ಸರ್ಕಾರಿ ಕಚೇರಿಯೊಂದಕ್ಕೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾದ ಪ್ರಸಂಗ ಬೇರೆಲ್ಲೂ ಇರಲಿಕ್ಕಿಲ್ಲ.

ಆ ಮೂಲೆಯಲ್ಲಿ ಇರುತ್ತಿದ್ದದ್ದು ಇಷ್ಟೇ: ಬೀಗವಿರುವ ಒಂದು ಪೆಟ್ಟಿಗೆ, ಒಂದು ಮೇಜು, ಕಾಗದ ತೂಗುವ ಪುಟ್ಟ ತಕ್ಕಡಿ, ಮರದ ಹಿಡಿಯ ಮೊಹರು, ಕಪ್ಪು ಶಾಯಿಯ ಪ್ಯಾಡು, ಅರಗು, ಸುತಲಿ ದಾರ. ಬೆಳಿಗ್ಗೆ ಮಾಡುವ ಮೊದಲ ಕೆಲಸ ಮೊಹರಿನೊಳಗಿನ ತಾರೀಖಿನ ಅಚ್ಚುಮೊಳೆ ಬದಲಾಯಿಸುವುದು. ಡಬ್ಬಿಯಿಂದ ಕಾಗದ ತೆಗೆದು, ಒಂದೊಂದು ಚೀಟಿಯ ಮೇಲೂ ಠಪ್ ಎಂದು ಮೊಹರು ಒತ್ತಿ, ಅಂದಿನ ಲೆಕ್ಕದ ಹಾಳೆ ಬರೆದು, ನಗದು ಹೆಚ್ಚಿದ್ದರೆ ಅದನ್ನೂ ಚೀಲಕ್ಕೆ ಹಾಕಿ, ಬಾಯಿ ಬಿಗಿದು, ಗಂಟಿನ ಮೇಲೆ ಅರಗು ಕರಗಿಸಿ ಸೀಲು ಒತ್ತಿದರೆ ಚೀಲ ತಯಾರು. ಬಸ್ಸು ಬರುವ ಊರಾದರೆ ಕಂಡಕ್ಟರ್ ಕೈಗೆ, ಇಲ್ಲದಿದ್ದರೆ ರನ್ನರ್ ಹೆಗಲಿಗೆ. ರನ್ನರ್ ಎಂದರೆ ಹಿಂದೆ ಗೆಜ್ಜೆ ಕಟ್ಟಿದ ಈಟಿ ಹಿಡಿದು ಓಡುತ್ತಿದ್ದವರು. ಸೈಕಲ್ಲು ಬಂದಮೇಲೆ ಗೆಜ್ಜೆ ಹೋಯಿತು, ಹೆಸರು ಉಳಿಯಿತು.

ಕಾಲಾಣೆಯ ಪೋಸ್ಟ್‌ಕಾರ್ಡು 1879ರಲ್ಲಿ, ಮನಿಆರ್ಡರ್ 1880ರಲ್ಲಿ, ಉಳಿತಾಯ ಬ್ಯಾಂಕು 1882ರಲ್ಲಿ ಬಂದವು. ನಾಲ್ಕು ವರ್ಷದೊಳಗೆ ಅಂಚೆಕಚೇರಿ ಸುದ್ದಿಯ ಜೊತೆ ದುಡ್ಡನ್ನೂ ಸಾಗಿಸತೊಡಗಿತು. ಮುಂದಿನ ದಶಕದಲ್ಲಿ ಬಂಗಾಳದಲ್ಲಿ ಮಲೇರಿಯಾಕ್ಕೆ ಕ್ವಿನೈನ್ ಪೊಟ್ಟಣವನ್ನೂ ಪೋಸ್ಟ್‌ಮಾಸ್ತರರೇ ಮಾರತೊಡಗಿದರು, ಬೇರೆ ಪ್ರಾಂತಗಳಿಗೂ ಅದು ಹಬ್ಬಿತು. ಹಳ್ಳಿಯಲ್ಲಿ ಬ್ಯಾಂಕಿಲ್ಲ, ಔಷಧದ ಅಂಗಡಿಯಿಲ್ಲ, ಸರ್ಕಾರದ ಬೇರೆ ಮುಖವೆಂದರೆ ಕಂದಾಯ ಕೇಳಲು ಬರುವವರದು ಮಾತ್ರ. ಕೇಳದೆ ಏನಾದರೂ ತಂದುಕೊಡುವ ಸರ್ಕಾರವೆಂದರೆ ಅಂಚೆಯವನೊಬ್ಬನೇ.

ತಂದುಕೊಡುತ್ತಿದ್ದದ್ದರಲ್ಲಿ ದೊಡ್ಡದು ಮನಿಆರ್ಡರ್. ದಕ್ಷಿಣ ಕನ್ನಡ, ಉಡುಪಿ ಸೀಮೆಯ ಹುಡುಗರು ಬೊಂಬಾಯಿಯ ಹೋಟೆಲುಗಳಿಗೆ ಲೋಟ ತೊಳೆಯಲು ಹೋಗಿ, ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿ, ತಿಂಗಳಿಗೊಮ್ಮೆ ಊರಿಗೆ ದುಡ್ಡು ಕಳಿಸುತ್ತಿದ್ದರು. ಉತ್ತರ ಕರ್ನಾಟಕದ ಸೈನಿಕರ ಮನೆಗಳಿಗೂ ಹೀಗೇ ಬರುತ್ತಿತ್ತು. ಫಾರಮಿನ ಕೆಳಗೆ ಎರಡು ಮಾತು ಬರೆಯಲು ಒಂದು ಚೂರು ಜಾಗವಿರುತ್ತಿತ್ತು. ‘ಎಮ್ಮೆ ಕೊಳ್ಳಿರಿ, ತಮ್ಮನ ಫೀಸು ಕಟ್ಟಿರಿ’ ಎಂಬಂಥವನ್ನೆಲ್ಲ ಅಷ್ಟರಲ್ಲೇ ತುರುಕಬೇಕು. ದುಡ್ಡಿನ ಜೊತೆ ಆ ತುಂಡನ್ನು ಹರಿದು ಕೈಗೆ ಕೊಡುತ್ತಿದ್ದರು. ಓದು ಬಾರದ ತಾಯಿ ಎಡಗೈ ಹೆಬ್ಬೆಟ್ಟು ಒತ್ತಿದರೆ ಪಕ್ಕದ ಮನೆಯವರ ಸಾಕ್ಷಿ ರುಜು. ನೂರು ರೂಪಾಯಿಗೆ ಐದು ರೂಪಾಯಿ ಕಮಿಷನ್ನು ಕಳಿಸಿದವನದು; ಪೋಸ್ಟ್‌ಮ್ಯಾನ್‌ಗೆ ಭಕ್ಷೀಸೋ, ಒಂದು ಲೋಟ ಮಜ್ಜಿಗೆಯೋ ತೆಗೆದುಕೊಂಡವಳದು. ದುಡ್ಡು ಎಣಿಸುವುದನ್ನು ಅರ್ಧ ಕೇರಿ ನೋಡುತ್ತಿತ್ತು. ಯಾರ ಮಗ ಈ ತಿಂಗಳು ಕಳಿಸಲಿಲ್ಲ ಎಂಬುದೂ ಹಾಗೆಯೇ ಊರಿಗೆಲ್ಲ ಗೊತ್ತಾಗುತ್ತಿತ್ತು. ಗುಟ್ಟೆಂಬುದೇ ಇಲ್ಲದ ಬ್ಯಾಂಕು ಅದು, ಇದನ್ನು ಒಳ್ಳೆಯದೆಂದು ಹೊಗಳಬೇಕಾಗಿಲ್ಲ.

ಕಾಗದಗಳಿಗೆ ಅವವೇ ವೇಷ. ನಾಲ್ಕು ಮೂಲೆಗೆ ಅರಿಸಿನ ಹಚ್ಚಿದ್ದರೆ ಮದುವೆ, ನಾಮಕರಣ. ಸಾವಿನ ಕಾರ್ಡನ್ನು ಓದಿ ಹೊರಗೇ ಹರಿದು ಹಾಕುವುದು, ಮನೆಯೊಳಗೆ ಇಡದಿರುವುದು ಹಲವು ಕಡೆ ರೂಢಿ. ಅದನ್ನು ತಂದ ಪೋಸ್ಟ್‌ಮ್ಯಾನ್ ಅಂಗಳದಲ್ಲೇ ನಿಂತು ದನಿ ತಗ್ಗಿಸಿ, ‘ಯಜಮಾನರು ಇದ್ದಾರಾ?’ ಎಂದರೆ ಹೆಂಗಸರಿಗೆ ಅರ್ಥವಾಗುತ್ತಿತ್ತು. ಉಳಿದ ಕಾಗದಗಳಲ್ಲಿ ‘ತೀರ್ಥರೂಪರವರ ಪಾದಗಳಿಗೆ’ ಎಂದು ಶುರುವಾಗಿ, ಉಭಯ ಕುಶಲೋಪರಿಯ ಬಳಿಕವೇ ಸಾಲದ ಮಾತು.

ಮಲೆನಾಡಿನಲ್ಲೂ ಕರಾವಳಿಯಲ್ಲೂ ಅಂಚೆಕಚೇರಿಗೆ ಬಯಲುಸೀಮೆಯಲ್ಲಿ ಇಲ್ಲದ ಇನ್ನೊಂದು ಕೆಲಸವಿತ್ತು. ಅಲ್ಲಿ ಮನೆಗಳು ಒಂದೆಡೆ ಗುಂಪಾಗಿಲ್ಲ. ತೋಟಕ್ಕೊಂದು, ಗುಡ್ಡಕ್ಕೊಂದು ಚದುರಿವೆ. ಊರು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಕೇಳಿದರೆ ಅಲ್ಲಿಯವರೇ ತಡವರಿಸುತ್ತಾರೆ. ಆದರೆ ವಿಳಾಸದಲ್ಲಿ ‘ಗ್ರಾಮ ಮತ್ತು ಅಂಚೆ’ ಎಂದು ಬರೆದರೆ ಊರಿಗೊಂದು ನಡು ಸಿಕ್ಕಂತೆ. ಪತ್ರಿಕೆ ಒಯ್ಯಲು ಬಂದವರು, ಬಸ್ಸಿಗೆ ಕಾಯುವವರು, ಅಡಿಕೆ ಧಾರಣೆ ಕೇಳುವವರು ಆ ಜಗಲಿಯಲ್ಲಿ ಸೇರುತ್ತಿದ್ದರು. ಆಗುಂಬೆಯಲ್ಲಿ ಚಿತ್ರೀಕರಿಸಿದ ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ನಲ್ಲಿ ಮನೆಮನೆಯ ಸಂಗತಿ ತಿಳಿದ ಪೋಸ್ಟ್‌ಮ್ಯಾನ್ ಬಂದಾಗ ಈ ಭಾಗದ ನೋಡುಗರಿಗೆ ಅದರಲ್ಲಿ ಕತೆಯೇನೂ ಕಾಣಲಿಲ್ಲ, ಮಾಮೂಲಿ ಸಂಗತಿ ಎನಿಸಿತು.

ಓದುವ ಹವ್ಯಾಸವನ್ನು ಹಳ್ಳಿಗಳಲ್ಲಿ ಸಾಕಿದ್ದೂ ಈ ಜಗಲಿಯೇ. ವಾರಪತ್ರಿಕೆಗಳು, ಸಣ್ಣ ಸಾಹಿತ್ಯ ಪತ್ರಿಕೆಗಳು, ಪುಸ್ತಕದ ಕಟ್ಟುಗಳು ರಿಯಾಯಿತಿ ದರದಲ್ಲಿ ಬರುತ್ತಿದ್ದವು. ಪುತ್ತೂರಿನ ಕಡೆಯ ಕೃಷಿಕರು 1988ರಲ್ಲಿ ಹುಟ್ಟುಹಾಕಿದ ‘ಅಡಿಕೆ ಪತ್ರಿಕೆ’ಗೆ ಪೇಟೆಯ ಅಂಗಡಿಗಿಂತ ಅಂಚೆಯ ಚೀಲವೇ ಆಸರೆ, ಅದರ ಓದುಗರು ಇರುವುದು ತೋಟಗಳ ನಡುವೆ. ಕತೆ ಬರೆಯುವ ಹಳ್ಳಿಯ ಮೇಷ್ಟರು ಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆ ಇಟ್ಟು ಕತೆ ಕಳಿಸಿ, ಅದೇ ಲಕೋಟೆ ವಾಪಸು ಬರುವುದನ್ನು ತಿಂಗಳುಗಟ್ಟಲೆ ಕಾದದ್ದುಂಟು. ಬಂದರೆ ಬೇಸರ, ಬಾರದಿದ್ದರೆ ಆಸೆ.

ಬೇರೆ ದೇಶಗಳಲ್ಲಿ ಮುಚ್ಚುವಿಕೆ ಹೇಗಾಯಿತೆಂದು ನೋಡಿದರೆ ನಮ್ಮದರ ವಿಚಿತ್ರ ಎದ್ದು ಕಾಣುತ್ತದೆ. ಅಮೆರಿಕದಲ್ಲಿ ಅಂಚೆಕಚೇರಿಗಳು ಅತಿ ಹೆಚ್ಚಿದ್ದದ್ದು 1901ರಲ್ಲಿ, 76,945. ಅದಕ್ಕೆ ಐದು ವರ್ಷ ಮೊದಲು, 1896ರಲ್ಲಿ, ವೆಸ್ಟ್ ವರ್ಜೀನಿಯಾದಲ್ಲಿ ರೈತರ ಮನೆಬಾಗಿಲಿಗೇ ಕಾಗದ ಮುಟ್ಟಿಸುವ ಪ್ರಯೋಗ ಶುರುವಾಗಿತ್ತು. ಅದು ಗೆದ್ದಿತು, ಕಾಗದ ಮನೆಗೇ ಬರುವಾಗ ಅಂಗಡಿ ಮೂಲೆಯ ಅಂಚೆಕಚೇರಿ ಯಾರಿಗೆ ಬೇಕು? ಸಾವಿರಾರು ಸಣ್ಣ ಕಚೇರಿಗಳು ಅಳಿದವು. ಒಳ್ಳೆಯ ಸೇವೆಯೇ ಅವನ್ನು ಮುಚ್ಚಿಸಿತು. 2011ರಲ್ಲಿ ಅಲ್ಲಿನ ಅಂಚೆ ಸಂಸ್ಥೆ ನಷ್ಟದ ಕಾರಣ ಕೊಟ್ಟು ಸುಮಾರು 3,700 ಕಚೇರಿಗಳ ಪಟ್ಟಿ ಹೊರಡಿಸಿದಾಗ ಹಳ್ಳಿಗಳಿಂದ ಎದ್ದ ಗದ್ದಲಕ್ಕೆ ಮಣಿದು, ಮರುವರ್ಷ ಮುಚ್ಚುವ ಬದಲು ಸುಮಾರು 13,000 ಕಚೇರಿಗಳ ಗಂಟೆ ಕಡಿಮೆ ಮಾಡುವ ಹಾದಿ ಹಿಡಿಯಿತು. ಬ್ರಿಟನ್ನಿನಲ್ಲಿ 2007ರಲ್ಲಿ ಸರ್ಕಾರ ಇದ್ದ ಹದಿನಾಲ್ಕು ಸಾವಿರದಲ್ಲಿ 2,500 ಕಚೇರಿ ತೆಗೆಯುವುದಾಗಿ ಸಾರಿತು, ತೆಗೆಯಿತು. ಅಲ್ಲಿ ಹಳ್ಳಿಯ ಅಂಚೆಕಚೇರಿ ಮತ್ತು ದಿನಸಿ ಅಂಗಡಿ ಒಂದೇ ಸೂರಿನಡಿ ಇರುವುದು ವಾಡಿಕೆ. ಅಂಚೆಯ ಆದಾಯ ನಿಂತರೆ ಅಂಗಡಿಯೂ ಏಳಲಾರದು. ಕಾಗದಕ್ಕಾಗಿ ಪೇಟೆಗೆ ಹೋಗುವವರು ಹಾಲು, ಬ್ರೆಡ್ಡಿಗೂ ಪೇಟೆಗೇ ಹೋಗುವ ಪಾಡು. ಕೆಲವು ಊರಿನವರು ಷೇರು ಹಾಕಿ ಅಂಗಡಿಯನ್ನು ತಾವೇ ನಡೆಸಲು ನಿಂತರು.

ನಮ್ಮಲ್ಲಿ ಪಟ್ಟಿ ಹೊರಬೀಳಲಿಲ್ಲ. ಮೊದಲು ತಂತಿ ಹೋಯಿತು, 2013ರ ಜುಲೈಯಲ್ಲಿ. ಅದು ಹಳ್ಳಿಗಳಿಗೆ ಅಷ್ಟೇನೂ ತಟ್ಟಲಿಲ್ಲ. ಫೋನು ಬಂದು ತಂತಿಯ ಕೆಲಸ ಆಗಲೇ ಮುಗಿದಿತ್ತು. 2015ರಲ್ಲಿ ಹಳೆಯ ಕಾಗದದ ಮನಿಆರ್ಡರ್ ನಿಂತು, ಕಂಪ್ಯೂಟರ್ ಮೂಲಕ ಸಾಗುವ ಇ-ಮನಿಆರ್ಡರ್ ಉಳಿಯಿತು. ಮೊಬೈಲಿನಲ್ಲೇ ದುಡ್ಡು ಕಳಿಸುವ ಕಾಲದಲ್ಲಿ ಅದನ್ನು ಕೇಳುವವರು ಕಡಿಮೆ. ವಯಸ್ಸಾದವರಿಗೂ ವಿಧವೆಯರಿಗೂ ಮನಿಆರ್ಡರಿನಲ್ಲಿ ಬರುತ್ತಿದ್ದ ಪಿಂಚಣಿ ಖಾತೆಗೆ ನೇರ ಜಮೆಯಾಗುವ ಪದ್ಧತಿಗೆ ಹೊರಳಿತು. ನಡುವೆ ಯಾರೂ ಕೈ ಹಾಕದಂತೆ ಆಗಲಿ ಎಂಬ ಉದ್ದೇಶ ಸರಿಯೇ. ಮನೆಬಾಗಿಲಲ್ಲಿ ಪಿಂಚಣಿಯಿಂದ ಇಷ್ಟು ಮುರಿದುಕೊಳ್ಳುತ್ತಾರೆಂಬ ದೂರು ಹಿಂದೆ ಇದ್ದೇ ಇತ್ತು. ಆದರೆ ಅಂಗಳಕ್ಕೆ ಬರುತ್ತಿದ್ದ ಹಣಕ್ಕಾಗಿ ಅಜ್ಜಿ ಬಸ್ಸು ಹಿಡಿದು ಹೋಬಳಿಯ ಬ್ಯಾಂಕಿಗೆ ಹೋಗಿ, ಸರತಿಯಲ್ಲಿ ನಿಂತು, ಬೆರಳಚ್ಚು ಹೊಂದದಿದ್ದರೆ ನಾಳೆ ಬಾ ಎನಿಸಿಕೊಂಡು ಬರಬೇಕಾದ ಖರ್ಚು ಯಾವ ಸರ್ಕಾರದ ಲೆಕ್ಕಕ್ಕೂ ಸೇರುವುದಿಲ್ಲ. ಕೂಲಿ ಮಾಡಿ ಸವೆದ ಬೆರಳಿನ ಗೆರೆ ಯಂತ್ರಕ್ಕೆ ಕಾಣುವುದಿಲ್ಲ. ಶಾಯಿಯ ಪ್ಯಾಡಿಗೆ ಆ ತಕರಾರಿರಲಿಲ್ಲ.

ಪುಸ್ತಕಗಳ ಸರದಿ 2024ರ ಡಿಸೆಂಬರಿನಲ್ಲಿ ಬಂತು. ಕಡಿಮೆ ದರದ ರಿಜಿಸ್ಟರ್ಡ್ ಬುಕ್‌ಪೋಸ್ಟ್ ಸದ್ದಿಲ್ಲದೆ ನಿಂತಿತು. ಕನ್ನಡದ ಸಣ್ಣ ಪ್ರಕಾಶಕರು ಹಳ್ಳಿಯ ಓದುಗರಿಗೆ ಪುಸ್ತಕ ಮುಟ್ಟಿಸುತ್ತಿದ್ದ ದಾರಿಗಳಲ್ಲಿ ಅತಿ ಅಗ್ಗದ್ದು ಅದು. ನೂರು ರೂಪಾಯಿಯ ಕವನ ಸಂಕಲನಕ್ಕೆ ಸಾಗಣೆಯ ಖರ್ಚೇ ಅರ್ಧ ಬೆಲೆಯಾದರೆ ಕೊಳ್ಳುವವರು ಯಾರು? 2025ರ ಸೆಪ್ಟೆಂಬರ್ 1ರಿಂದ ಸಾಮಾನ್ಯ ರಿಜಿಸ್ಟರ್ಡ್ ಅಂಚೆಯನ್ನು ಸ್ಪೀಡ್‌ಪೋಸ್ಟ್‌ನೊಳಗೆ ಸೇರಿಸಲಾಯಿತು. ಕೋರ್ಟಿನ ನೋಟಿಸು, ಬ್ಯಾಂಕಿನ ಪತ್ರ, ನೇಮಕಾತಿ ಆದೇಶ ಇವೆಲ್ಲ ಹಳ್ಳಿಗೆ ಬರುತ್ತಿದ್ದದ್ದು ರಿಜಿಸ್ಟರ್ ಅಂಚೆಯಲ್ಲಿ; ಜಮೀನಿನ ತಕರಾರಿದ್ದ ಮನೆಯವರಿಗೆ ಆ ಉದ್ದನೆಯ ಲಕೋಟೆ ಕಂಡರೆ ಎದೆ ಧಸಕ್ಕೆನ್ನುತ್ತಿತ್ತು. ಪೋಸ್ಟ್‌ಕಾರ್ಡಿಗೆ ಮಾತ್ರ ಈಗಲೂ 50 ಪೈಸೆ. ಅದನ್ನು ಮುಟ್ಟಿಸುವ ಖರ್ಚು ಅದರ ಎಷ್ಟೋ ಪಟ್ಟು. ಬರೆಯುವವರು ಕಡಿಮೆಯಾದದ್ದರಿಂದಲೇ ಆ ದರ ಉಳಿದುಕೊಂಡಿರಬೇಕು.

ಕೆಲಸ ಹೋದಂತೆ ಕೆಲಸಗಾರರ ಪಾಡೂ ಬದಲಾಯಿತು. ಇ.ಡಿ. ನೌಕರರು ಸಿವಿಲ್ ಹುದ್ದೆಯಲ್ಲಿರುವವರೇ, ಕಾರಣ ಕೇಳದೆ ಅವರನ್ನು ತೆಗೆಯುವಂತಿಲ್ಲ ಎಂದು 1977ರಲ್ಲೇ ಸುಪ್ರೀಂ ಕೋರ್ಟು ಹೇಳಿತ್ತು. 2001ರ ನಿಯಮಗಳಲ್ಲಿ ಅವರಿಗೆ ‘ಗ್ರಾಮೀಣ ಡಾಕ್ ಸೇವಕ’ ಎಂಬ ಗೌರವದ ಹೆಸರೂ ಸಿಕ್ಕಿತು. ಹೆಸರಿಗೆ ತಕ್ಕ ಸಂಬಳ ಸಿಗಲಿಲ್ಲ. ಅವರ ಸಂಬಳ ಪರಿಷ್ಕರಣೆಗೆಂದು ನೇಮಕವಾಗಿದ್ದ ಕಮಲೇಶ್ ಚಂದ್ರ ಸಮಿತಿ 2016ರಲ್ಲಿ ವರದಿ ಕೊಟ್ಟರೂ ಅದು ಜಾರಿಯಾಗದ್ದರಿಂದ 2018ರ ಮೇ 22ರಿಂದ ದೇಶದಾದ್ಯಂತ ಡಾಕ್ ಸೇವಕರು ಮುಷ್ಕರ ಹೂಡಿದರು, 16 ದಿನ. ಆ ದಿನಗಳಲ್ಲಿ ಚೀಲ ಸಬ್ ಆಫೀಸಿನಲ್ಲೇ ಉಳಿಯಿತು. ಪಟ್ಟಣಗಳ ಖಾಯಂ ನೌಕರರು ಕೆಲಸ ಮಾಡುತ್ತಿದ್ದುದರಿಂದ ಪೇಟೆಯವರಿಗೆ ಮುಷ್ಕರ ನಡೆದದ್ದೇ ಸರಿಯಾಗಿ ಗೊತ್ತಾಗಲಿಲ್ಲ. ಹಳ್ಳಿಗಳಲ್ಲಿ ಕಾಲೇಜು ಪ್ರವೇಶದ ಪತ್ರ, ಸಂದರ್ಶನದ ಕರೆ, ಉಳಿತಾಯ ಖಾತೆಯ ದುಡ್ಡು ನಿಂತವು. ಅಂಚೆಕಚೇರಿ ನಿಜಕ್ಕೂ ಮುಚ್ಚಿದರೆ ಏನಾದೀತೆಂಬ ರಿಹರ್ಸಲ್ಲು ಅದು. ಕಡೆಗೆ ಕೇಂದ್ರ ಸಂಪುಟ ಹೊಸ ದರ ಒಪ್ಪಿತು: ನಾಲ್ಕು ಗಂಟೆ ಕೆಲಸದ ಬ್ರಾಂಚ್ ಪೋಸ್ಟ್‌ಮಾಸ್ತರರಿಗೆ ತಿಂಗಳಿಗೆ ಕನಿಷ್ಠ 12,000, ಉಳಿದವರಿಗೆ 10,000, ಜೊತೆಗೆ ತುಟ್ಟಿಭತ್ಯೆ.

ಈಗ ಆಯ್ಕೆ ನಡೆಯುವುದು ಆನ್‌ಲೈನಿನಲ್ಲಿ, ಹತ್ತನೇ ತರಗತಿಯ ಅಂಕದ ಮೇಲೆ. ವಶೀಲಿ ತಪ್ಪಿತು, ಅದು ಲಾಭ. ಹಿಂದೆ ಮೇಲ್ಜಾತಿಯ ಜಗಲಿಯಲ್ಲೇ ಇರುತ್ತಿದ್ದ ಕಚೇರಿಗೆ ದಲಿತರ ಮನೆಯ ಹುಡುಗಿಯೂ ಮಾಸ್ತರಳಾಗಿ ಬರಬಹುದು; ಕೆಲವರು ಹೊಸ್ತಿಲು ದಾಟದೆ ಅಂಗಳದಲ್ಲೇ ಕಾಗದ ಪಡೆಯಬೇಕಾಗಿದ್ದ ಕಾಲವನ್ನು ನೆನೆದರೆ ಇದು ಸಣ್ಣ ಮಾತಲ್ಲ. ಹಳೆಯ ಅಂಚೆಮನೆಯ ಬಗ್ಗೆ ಹಂಬಲಿಸಿ ಬರೆಯುವವರು ಇದನ್ನು ಮರೆಯುವುದೇ ಹೆಚ್ಚು. ಆದರೆ ಬಂದವರು ಹೆಚ್ಚಾಗಿ ಬೇರೆ ಜಿಲ್ಲೆಯವರು, ಬಾಡಿಗೆ ಕೋಣೆಯಲ್ಲಿ ಕಚೇರಿ, ಬೇರೆ ಪರೀಕ್ಷೆಗೆ ಓದುತ್ತ ಒಂದೆರಡು ವರ್ಷದಲ್ಲಿ ರಾಜೀನಾಮೆ. ಯಾವ ತೋಟದ ಒಳದಾರಿಯಲ್ಲಿ ಯಾರ ಮನೆ ಎಂದು ತಿಳಿಯುವಷ್ಟರಲ್ಲಿ ಅವರು ಹೊರಟಿರುತ್ತಾರೆ.

ಖಾಲಿಯಾದ ಕೋಣೆಯನ್ನು ತುಂಬಿಸುವ ಯತ್ನವೂ ನಡೆದಿದೆ. 2018ರ ಸೆಪ್ಟೆಂಬರಿನಲ್ಲಿ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕು ಶುರುವಾಗಿ, ಯಾವ ಬ್ಯಾಂಕಿನ ಖಾತೆಯ ಹಣವನ್ನಾದರೂ ಆಧಾರ್ ಬೆರಳಚ್ಚಿನ ಮೇಲೆ ಪೋಸ್ಟ್‌ಮ್ಯಾನ್ ಮನೆಯಲ್ಲೇ ಕೊಡುವ ಸೌಲಭ್ಯ ಬಂತು. 2020ರ ಲಾಕ್‌ಡೌನಿನಲ್ಲಿ ಇದರ ಬೆಲೆ ತಿಳಿಯಿತು. ಕರ್ನಾಟಕದಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿಗೆ ಆಧಾರ್ ಜೋಡಿಸಿದ ಖಾತೆ ಬೇಕೆಂದಾಗ, ಬ್ಯಾಂಕಿನಲ್ಲಿ ಅಲೆದು ಸುಸ್ತಾದ ಹೆಂಗಸರು ಅಂಚೆಕಚೇರಿಗೆ ಬಂದು ನಿಂತರು. ಇಡೀ ದೇಶದ ಅಂಚೆಕಚೇರಿಗಳು ಈಗ ಬಳಸುವ ಹೊಸ ತಂತ್ರಾಂಶ ರೂಪುಗೊಂಡದ್ದು ಮೈಸೂರಿನಲ್ಲಿರುವ ಇಲಾಖೆಯ ತಂತ್ರಜ್ಞಾನ ಕೇಂದ್ರದಲ್ಲಿ. ಆದರೆ ಪಶ್ಚಿಮಘಟ್ಟದ ಅನೇಕ ಊರುಗಳಲ್ಲಿ ಮಾಸ್ತರರು ಸಿಗ್ನಲ್ಲಿಗಾಗಿ ಯಂತ್ರ ಹಿಡಿದು ಗುಡ್ಡ ಹತ್ತುವುದು ತಪ್ಪಿಲ್ಲ, ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ. ಇತ್ತ ಗ್ರಾಮ ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರ, ಗ್ರಾಮ ಒನ್ ಇವೂ ಅದೇ ಜನರನ್ನು ಕರೆಯುತ್ತಿವೆ.

ಹೊಸ ಬ್ರಾಂಚ್ ಆಫೀಸು ತೆರೆಯಲು ಇಲಾಖೆಗೊಂದು ಅಳತೆ ಇದೆ. ಬಯಲುಸೀಮೆಯಲ್ಲಿ ಸುತ್ತಲಿನ ಹಳ್ಳಿಗಳೂ ಸೇರಿ 3,000 ಜನ, ಗುಡ್ಡಗಾಡಿನಲ್ಲಿ 1,000. ಹತ್ತಿರದ ಕಚೇರಿಯಿಂದ ಕನಿಷ್ಠ 3 ಕಿಲೋಮೀಟರ್. ಖರ್ಚಿನ ಮೂರನೇ ಒಂದು ಪಾಲು ಆದಾಯ, ಗುಡ್ಡಗಾಡಿನಲ್ಲಾದರೆ ಶೇ. 15. ನಷ್ಟವಾಗುತ್ತದೆಂದು ಗೊತ್ತಿದ್ದೇ, ಇಷ್ಟು ನಷ್ಟ ಸಹಿಸೋಣವೆಂದು ಬರೆದ ನಿಯಮವದು. ಆದಾಯ ತರುತ್ತಿದ್ದ ಮನಿಆರ್ಡರು, ರಿಜಿಸ್ಟರು, ಪುಸ್ತಕದ ಕಟ್ಟುಗಳನ್ನು ತೆಗೆದ ಬಳಿಕ ಆ ಮೂರನೇ ಒಂದು ಪಾಲನ್ನು ದುಡಿಯಬೇಕಾದದ್ದು ಸುಕನ್ಯಾ ಸಮೃದ್ಧಿ ಖಾತೆ, ಆರ್‌.ಡಿ., ಗ್ರಾಮೀಣ ಅಂಚೆ ಜೀವವಿಮೆಯ ಪಾಲಿಸಿಗಳು. ಅದಕ್ಕೇ ಈಗ ಮಾರ್ಚ್ ತಿಂಗಳಲ್ಲಿ ಪೋಸ್ಟ್‌ಮಾಸ್ತರರು ಮನೆಗೆ ಬಂದರೆ ಕೈಯಲ್ಲಿ ಕಾಗದ ಇರುವುದು ಅಪರೂಪ. ಇಲಾಖೆ ಕೊಟ್ಟ ಗುರಿ ಮುಟ್ಟಲು ಒಂದು ಪಾಲಿಸಿ ಮಾಡಿಸಿಕೊಳ್ಳಿ ಎಂದು ಕೇಳುತ್ತಾರೆ, ಹಳೆಯ ಪರಿಚಯಕ್ಕೆ ಕಟ್ಟುಬಿದ್ದು ಎಷ್ಟೋ ಮನೆಯವರು ಮಾಡಿಸಿಕೊಳ್ಳುತ್ತಾರೆ.